ಸೀಸೆ ತೊಳೆಯುತ್ತಿದ್ದವಳು ಡಾಕ್ಟರಾದದ್ದು

ಡಾಕ್ಟರಾಗುವ ಮೊದಲು ನಾನು ಹರಿಹರದ ಒಂದು ಹೆಂಗಸರ ಆಸ್ಪತ್ರೆಯಲ್ಲಿ ಸೀಸೆ ತೊಳೆಯುತ್ತಿದ್ದೆ. ಈಗ ಡಾಕ್ಟರ ಕೆಲಸಕ್ಕೆ ಬರುವ ಹುಡುಗಿಯರು ನನ್ನ ಹತ್ತಿರ ಮಾತಿಗೆ ಕೂತಾಗ ಎಲ್ಲಿ ಓದಿದಿರಿ, ಯಾವ ಯಾವ ಊರಿನಲ್ಲಿದ್ದಿರಿ, ಯಾವಾಗ ದೊಡ್ಡ ಹುದ್ದೆ ಸಿಕ್ಕಿತು ಎಂದು ಕೇಳುತ್ತಾರೆ. ಅವನ್ನೆಲ್ಲ ಸರ್ಕಾರದ ಕಾಗದಗಳು ಹೇಳುತ್ತವೆ. ಕಾಗದದಲ್ಲಿ ಇಲ್ಲದ್ದನ್ನು ಬರೆಯೋಣ ಎಂದು ಕೂತಿದ್ದೇನೆ.

ನನ್ನ ಹೆಸರು ಹಾಲಮ್ಮ. ನಮ್ಮಪ್ಪ ಆನಗೋಡಿನ ರೈತರ ಮನೆಯವನು. ಅಣ್ಣತಮ್ಮಂದಿರ ನಡುವೆ ಹೊಲ ಚಿಕ್ಕದಾದ ಮೇಲೆ ದಾವಣಗೆರೆಗೆ ಬಂದು ಹತ್ತಿ ಮಿಲ್ಲಿನಲ್ಲಿ ನೂಲುವ ಕೆಲಸಕ್ಕೆ ಸೇರಿದ. ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದು ಐವತ್ತರ ದಶಕದ ನಡುವಿನಲ್ಲಿ. ಮಿಲ್ಲಿನ ಕೆಲಸಗಾರರ ನಮ್ಮ ಸಾಲುಮನೆಗಳಲ್ಲಿ ಅಷ್ಟು ಓದಿದ ಹೆಣ್ಣು ನಾನೊಬ್ಬಳೇ. ಮದುವೆಯಾಗುವ ತನಕ ಮನೆಯಲ್ಲಿ ಸುಮ್ಮನೆ ಕೂರುವುದು ಬೇಡವೆಂದು ಅಪ್ಪನೇ ಯಾರನ್ನೋ ಕೇಳಿ ನನ್ನನ್ನು ಹರಿಹರದ ಆಸ್ಪತ್ರೆಗೆ ಸೇರಿಸಿದ. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುವುದು. ಇಂಜಿನ್ನಿನ ಕರಿಪುಡಿ ಸೀರೆಯ ಮೇಲೆಲ್ಲ ಕೂರುತ್ತಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಸೆರಗು ಕೊಡವಿಯೇ ಒಳಗೆ ಹೋಗಬೇಕು ಎನ್ನುವುದು ಡಾಕ್ಟರಮ್ಮನ ಕಟ್ಟಪ್ಪಣೆ.

ಡಾಕ್ಟರಮ್ಮ ಅಂದರೆ ಸುಗುಣಾಬಾಯಿ. ಕುಂದಾಪುರದ ಕಡೆಯವರು, ಗಂಡ ತೀರಿಕೊಂಡ ಮೇಲೆ ವೈದ್ಯ ಓದಿದವರು. ಹನ್ನೆರಡು ಹಾಸಿಗೆಯ ಆ ಆಸ್ಪತ್ರೆಯನ್ನು ಒಬ್ಬರೇ ನಡೆಸುತ್ತಿದ್ದರು. ಕುಳ್ಳಗಿನ ಹೆಂಗಸು, ದೊಡ್ಡ ದನಿ. ಸಿಟ್ಟು ಬಂದರೆ ಅವರ ಊರಿನ ಮಾತು ಹೊರಗೆ ಬರುತ್ತಿತ್ತು.

ಈಗಿನವರಿಗೆ ಒಂದು ಮಾತು ಹೇಳಿದರೆ ನಂಬಲಿಕ್ಕಿಲ್ಲ. ಆಗ ಒಂದು ಸಲ ಬಳಸಿ ಎಸೆಯುವ ವಸ್ತು ಆಸ್ಪತ್ರೆಯಲ್ಲಿ ಹತ್ತಿ ಒಂದೇ. ಸಿರಿಂಜು ಗಾಜಿನದು, ಕುದಿಸಿ ಕುದಿಸಿ ಬಳಸಬೇಕು. ಸೂಜಿ ಮೊಂಡಾದರೆ ಸಾಣೆಕಲ್ಲಿಗೆ ಹಚ್ಚಿ ಚೂಪು ಮಾಡಬೇಕು. ರಬ್ಬರಿನ ಕೈಗವಸು ತೂತಾದರೆ ಸೈಕಲ್ ಟ್ಯೂಬಿಗೆ ಹಾಕಿದಂತೆ ಪ್ಯಾಚು ಹಾಕಬೇಕು. ಇದೆಲ್ಲ ನನ್ನ ಕೆಲಸ. ಸೇರಿದ ಮೊದಲ ವಾರವೇ ಬೇಗ ಆಗಲಿ ಎಂದು ಸಿರಿಂಜುಗಳನ್ನು ತಣ್ಣೀರಿನಲ್ಲಿಟ್ಟು ಕಾಯಿಸುವ ಬದಲು ಕುದಿಯುವ ನೀರಿಗೇ ಹಾಕಿಬಿಟ್ಟೆ. ಮೂರು ಸಿರಿಂಜು ಪಟಪಟ ಒಡೆದವು. ಡಾಕ್ಟರಮ್ಮ ಬಂದು ಪಾತ್ರೆಗೆ ಇಣುಕಿದರು.

“ಎಂತ ಮಾಡಿದ್ದು ಮಾರಾಯ್ತಿ ಇದು? ಬೇಳೆ ಬೇಯಿಸಿದ್ದಾ?” ಎಂದರು.

ನಾನು ಅತ್ತೆ. “ಅಳುವುದಾದರೆ ಹೊರಗೆ ಹೋಗಿ ಅಳು, ಕಣ್ಣೀರು ಪಾತ್ರೆಗೆ ಬಿದ್ದರೆ ಮತ್ತೆ ಕುದಿಸಬೇಕು” ಎಂದು ಹೇಳಿ ಹೋದರು. ಆಮೇಲೆ ನಾನು ಸಿರಿಂಜು ಒಡೆಯಲಿಲ್ಲ.

ಅಲ್ಲಿ ನನಗೆ ಕೊಟ್ಟಿದ್ದ ಮುಖ್ಯ ಕೆಲಸ ಬಸುರಿಯರ ಮೂತ್ರ ಪರೀಕ್ಷೆ. ವಾರಕ್ಕೆರಡು ದಿನ ಬಸುರಿಯರು ಬರುತ್ತಿದ್ದರು. ಹೊಳೆಯಾಚೆಯ ಹಳ್ಳಿಗಳಿಂದ ಹರಿಗೋಲಿನಲ್ಲಿ, ಎತ್ತಿನ ಗಾಡಿಯಲ್ಲಿ, ನಡೆದುಕೊಂಡು. ಒಬ್ಬೊಬ್ಬರದೂ ಒಂದು ಸೀಸೆ. ಅದರಿಂದ ಗಾಜಿನ ನಳಿಗೆಗೆ ಸುರಿದು, ಸ್ಪಿರಿಟ್ ದೀಪದ ಮೇಲೆ ನಳಿಗೆಯ ಮೇಲ್ಭಾಗವನ್ನು ಕಾಯಿಸಿ, ನಾಲ್ಕು ಹನಿ ಆಮ್ಲ ಹಾಕಬೇಕು. ತಿಳಿಯಾಗಿದ್ದರೆ ಸರಿ. ಮಜ್ಜಿಗೆ ಒಡೆದಂತೆ ಬೆಳ್ಳಗಾದರೆ ಬಸುರಿಗೆ ನಂಜು ಏರುತ್ತಿದೆ ಎಂದು ಅರ್ಥ, ಕೂಡಲೇ ಡಾಕ್ಟರಮ್ಮನಿಗೆ ಹೇಳಬೇಕು. ನಾನು ಹೇಳುತ್ತಿರುವ ದಿನಗಳಲ್ಲಿ ನಮ್ಮ ರಕ್ತದೊತ್ತಡದ ಉಪಕರಣ ಪಾದರಸ ಸೋರಿ ರಿಪೇರಿಗೆ ಹೋಗಿತ್ತು. “ಅದು ಬರುವ ತನಕ ನಿನ್ನ ನಳಿಗೆಯೇ ನನ್ನ ಕಣ್ಣು” ಎಂದು ಡಾಕ್ಟರಮ್ಮ ಹೇಳಿದ್ದರು.

ನಾನು ಕೆಲಸಕ್ಕೆ ಸೇರಿ ವರ್ಷ ದಾಟಿತ್ತು. ಆವತ್ತು ಹದಿನಾಲ್ಕು ಸೀಸೆಗಳಿದ್ದವು. ಹನ್ನೆರಡು ಮುಗಿಸುವ ಹೊತ್ತಿಗೆ ನನ್ನ ಹೈಸ್ಕೂಲಿನ ಮೂವರು ಗೆಳತಿಯರು ದಾವಣಗೆರೆಯಿಂದ ಬಂದು ಆಸ್ಪತ್ರೆಯ ಗೇಟಿನಲ್ಲಿ ನಿಂತರು. ದೇವಸ್ಥಾನಕ್ಕೆ ಬಂದಿದ್ದರಂತೆ, ಬುತ್ತಿ ತಂದಿದ್ದರಂತೆ, ಹೊಳೆ ದಂಡೆಯಲ್ಲಿ ಕೂತು ಉಣ್ಣೋಣ ಬಾ ಎಂದರು. ಉಳಿದ ಎರಡು ಸೀಸೆಗಳನ್ನು ಬೆಳಕಿಗೆ ಹಿಡಿದು ನೋಡಿದೆ. ನೀರಿನಂತೆ ತಿಳಿಯಾಗಿದ್ದವು. ರಿಜಿಸ್ಟರಿನಲ್ಲಿ ಎರಡೂ ಹೆಸರಿನ ಮುಂದೆ ‘ದೋಷ ಇಲ್ಲ’ ಎಂದು ಬರೆದು, ಸೀಸೆ ತೊಳೆದಿಟ್ಟು, ಹೊಳೆಗೆ ಓಡಿದೆ. ಆ ದಿನದ ಚಿತ್ರಾನ್ನದ ರುಚಿ ಈಗಲೂ ನಾಲಗೆಯ ಮೇಲಿದೆ. ಹಾಗಿರಬಾರದಿತ್ತು.

ಆ ಇಬ್ಬರಲ್ಲಿ ಒಬ್ಬಳಿಗೆ ಏನೂ ಆಗಲಿಲ್ಲ. ಇನ್ನೊಂದು ಹೆಸರು ರುದ್ರಮ್ಮನದು. ಹೊಳೆಯಾಚೆಯ ಹಳ್ಳಿಯವಳು, ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ಎರಡು ಬಸಿರು ಇಳಿದುಹೋಗಿ ಇದು ಮೂರನೆಯದು, ಎಂಟು ತಿಂಗಳು ತುಂಬಿತ್ತು. ಐದು ದಿನ ಕಳೆದ ಮೇಲೆ ಬೆಳಗ್ಗೆ ಹತ್ತರ ಹೊತ್ತಿಗೆ ಅವಳನ್ನು ಕಂಬಳಿಯಲ್ಲಿ ಹೊತ್ತು ತಂದರು. ಹರಿಗೋಲಿನಲ್ಲೇ ಎರಡು ಸಲ ಫಿಟ್ಸ್ ಬಂದಿತ್ತು. ನಾಲಗೆ ಕಚ್ಚಿಕೊಂಡು ಬಾಯಿ ತುಂಬ ರಕ್ತ. ಮುಖ ಊದಿ ಕಣ್ಣು ಕಾಣುತ್ತಿರಲಿಲ್ಲ. ಡಾಕ್ಟರಮ್ಮ ಹಲ್ಲಿನ ನಡುವೆ ಬಟ್ಟೆ ಸುತ್ತಿದ ಚಮಚ ಇಟ್ಟರು, ಬೆಳಕಿಗೆ ಮತ್ತೆ ಫಿಟ್ಸ್ ಬರದಿರಲೆಂದು ಕೋಣೆಯ ಕಿಟಕಿಗಳಿಗೆ ಕಂಬಳಿ ಕಟ್ಟಿಸಿ ಕತ್ತಲೆ ಮಾಡಿಸಿದರು, ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರು. ಎರಡು ದಿನ ಅವಳ ಪಕ್ಕ ಬಿಟ್ಟು ಏಳಲಿಲ್ಲ. ರುದ್ರಮ್ಮ ಉಳಿದಳು. ಕೂಸು ಸತ್ತೇ ಹುಟ್ಟಿತು. ಗಂಡು.

ಅವಳನ್ನು ತಂದ ದಿನವೇ ಡಾಕ್ಟರಮ್ಮ ಅವಳ ಮೂತ್ರವನ್ನು ತಾವೇ ಕಾಯಿಸಿದ್ದರು. ನಳಿಗೆಯಲ್ಲಿ ಅದು ಮೊಸರಿನಂತೆ ಗಟ್ಟಿಯಾಯಿತು. ನಂತರ ರಿಜಿಸ್ಟರು ತೆಗೆದು ನೋಡಿ ನನ್ನನ್ನು ಕರೆದರು.

“ಹಾಲಮ್ಮ, ಐದು ದಿನದ ಹಿಂದೆ ನೋಡಿದ್ದು ನೀನೇ ಅಲ್ಲವಾ?”

“ಹೌದ್ರಿ ಅಮ್ಮ.”

“ಕಾಯಿಸಿದ್ದಾ?”

“ಕಾಸಿದ್ದೆ ಅಮ್ಮ. ಅವತ್ತು ಏನೂ ಇರ್ಲಿಲ್ಲ.”

ಅವರು ನನ್ನನ್ನು ನಂಬಿದರು. ಇದೇ ನನಗೆ ತಡೆಯಲಾಗದ ಸಂಗತಿಯಾಯಿತು. ರುದ್ರಮ್ಮನ ಗಂಡನನ್ನು ಕೂರಿಸಿಕೊಂಡು, “ಕೆಲವರಿಗೆ ಮುನ್ಸೂಚನೆ ಕೊಡದೆ ಒಮ್ಮೆಗೇ ಏರಿಬಿಡುತ್ತದೆ, ನಾನು ಅವಳ ಪಾದದ ಊತ ಇನ್ನೂ ಸರಿಯಾಗಿ ನೋಡಬೇಕಿತ್ತೋ ಏನೋ” ಎಂದು ತಮ್ಮ ಮೇಲೇ ಹಾಕಿಕೊಂಡು ಹೇಳುವುದನ್ನು ಬಾಗಿಲಲ್ಲಿ ನಿಂತು ಕೇಳಿದೆ. ಊಟದ ಹೊತ್ತಿನಲ್ಲಿ ದಪ್ಪ ಪುಸ್ತಕ ತೆಗೆದು ಹುಡುಕುತ್ತಿದ್ದರು. ಐದು ದಿನದಲ್ಲಿ ಇಷ್ಟು ಏರುವುದುಂಟಾ ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಮೂರನೆಯ ದಿನ ನಾನು ಅವರ ಮೇಜಿನ ಮುಂದೆ ಹೋಗಿ ನಿಂತೆ.

“ಅಮ್ಮ, ನಾನು ಕಾಸಿರ್ಲಿಲ್ಲ. ಸುಳ್ಳು ಬರ್ದೆ.”

ಬಯ್ಯುತ್ತಾರೆ, ಓಡಿಸುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನನಗೆ ಹೇಳಿ ಏನು ಪ್ರಯೋಜನ? ಕೂಸು ನನ್ನದಲ್ಲ. ಹೋಗು, ಅವಳಿಗೆ ಹೇಳು” ಎಂದರು.

ರುದ್ರಮ್ಮ ಗೋಡೆಯ ಕಡೆಯ ಹಾಸಿಗೆಯಲ್ಲಿ ಒರಗಿ ಕೂತಿದ್ದಳು. ಎದೆ ಬಿಗಿದು ಹಾಲು ಸೋರಿ ಕುಪ್ಪಸ ಒದ್ದೆಯಾಗಿತ್ತು. ನಾನು ನಿಂತುಕೊಂಡೇ ಹೇಳಿದೆ. ಅವಳು ನನ್ನ ಮುಖ ನೋಡುತ್ತ ಕೇಳಿದಳು.

“ಆ ನೀರು ಕಾಸಿದ್ರೆ ಗೊತ್ತಾಗ್ತಿತ್ತೇನು?”

“ಗೊತ್ತಾಗ್ತಿತ್ತು.”

“ನನ್ ಕೂಸು ಉಳೀತಿತ್ತೇನು?”

“ಉಳೀಬಹುದಿತ್ತು.”

“ಕಾಸಾಕೆ ಎಷ್ಟೊತ್ತು ಬೇಕು?”

“ಎಲ್ಡು ನಿಮಿಷ.”

ಅವಳು ಗೋಡೆಯ ಕಡೆ ಹೊರಳಿ ಮಲಗಿದಳು. ಐದಾರು ದಿನ ಕಳೆದು ಗಂಡನ ಜೊತೆ ಊರಿಗೆ ಹೋದಳು. ಹೋಗುವಾಗ ನನ್ನ ಕಡೆ ನೋಡಲಿಲ್ಲ. ಮತ್ತೆ ನಾನು ಅವಳನ್ನು ಕಂಡಿಲ್ಲ. ಅವಳು ಕ್ಷಮಿಸಿದಳು ಎಂದು ಬರೆಯಲು ನನಗೆ ಆಸೆಯಿದೆ. ಆದರೆ ಅವಳು ಕ್ಷಮಿಸಲಿಲ್ಲ.

ಅವಳಿಗೆ ಹೇಳಿದ ಮರುದಿನದಿಂದ ನಾನು ಹರಿಹರಕ್ಕೆ ಹೋಗಲಿಲ್ಲ. ಯಾಕ ಎಂದು ಅವ್ವ ಕೇಳಿದರೆ ಹೊಟ್ಟೆನೋವು ಎಂದೆ. ಮೂರನೆಯ ದಿನ ಅಪ್ಪ ಮಿಲ್ಲಿನಿಂದ ಬಂದು ಕೈಕಾಲು ತೊಳೆದು ನನ್ನ ಮುಂದೆ ಕೂತ. ಅವನಿಗೆ ಎಲ್ಲ ಹೇಳಿದೆ. ತಲೆಯಲ್ಲಿ, ಹುಬ್ಬಿನಲ್ಲಿ ಹತ್ತಿಯ ಎಳೆ ಅಂಟಿಸಿಕೊಂಡು ಅವನು ತಲೆ ತಗ್ಗಿಸಿ ಕೇಳಿದ.

“ಮಿಲ್ಲಿನಾಗೆ ಎಳಿ ಹರೀತಾವೆ. ದಿನಾ ಹರೀತಾವೆ. ನಿಂತು ಗಂಟು ಹಾಕ್ಬೇಕು. ಹರಿದಿದ್ದು ನೋಡಿ ಮನಿಗೆ ಓಡಿಬಂದೋನ್ನ ಯಾರೂ ಕೆಲ್ಸಗಾರ ಅನ್ನಲ್ಲ” ಎಂದ. ಎದ್ದು ನಿಂತು, “ನಾಳಿ ನಾನೂ ಬರ್ತೀನಿ ನಡಿ” ಎಂದ.

ಮಿಲ್ಲಿಗೆ ರಜೆ ಹಾಕಿ ಬಂದ. ಡಾಕ್ಟರಮ್ಮನ ಮುಂದೆ ಕುರ್ಚಿಯಲ್ಲಿ ಕೂರಲಿಲ್ಲ. “ಕೂಡ್ರಿ ಅಂದ್ರೂ ಕೂಡಲ್ಲ ಅಮ್ಮಾರೆ. ಈ ಹುಡ್ಗಿನ್ನ ಇಟ್ಕಂತೀರೋ ಬಿಡ್ತೀರೋ ಹೇಳ್ರಿ” ಎಂದ.

ಡಾಕ್ಟರಮ್ಮ ನನ್ನ ಕಡೆ ತಿರುಗಿ, “ಇವತ್ತು ಒಂಬತ್ತು ಸೀಸೆ ಬಂದಿವೆ. ದೀಪ ಹಚ್ಚು” ಎಂದರು. ಅಷ್ಟೇ.

ಮತ್ತೆ ಆ ಕೆಲಸ ಹಿಡಿದ ಮೇಲೆ ನನಗೊಂದು ರೋಗ ಹತ್ತಿತು. ಪ್ರತಿಯೊಂದಕ್ಕೂ ಯಾಕೆ ಎಂದು ಕೇಳುವುದು. ಕಾಯಿಸಿದರೆ ಯಾಕೆ ಬೆಳ್ಳಗಾಗುತ್ತದೆ? ನಂಜು ಎಲ್ಲಿಂದ ಬರುತ್ತದೆ? ಕೂಸು ಹೊರಬಂದರೆ ಯಾಕೆ ಇಳಿಯುತ್ತದೆ? ಒಂದು ದಿನ ಡಾಕ್ಟರಮ್ಮ ಬೇಸತ್ತು, “ಅರ್ಧ ನನಗೂ ಗೊತ್ತಿಲ್ಲ ಮಾರಾಯ್ತಿ. ಗೊತ್ತಾಗಬೇಕಾದರೆ ಓದು. ಸೀಸೆ ತೊಳೆಯುವವಳಿಗೆ ಉತ್ತರ ಹೇಳುತ್ತಾ ಕೂರಲಿಕ್ಕೆ ನನಗೆ ಪುರುಸೊತ್ತಿಲ್ಲ” ಎಂದರು. ತಮಾಷೆಗೆ ಹೇಳಿದ್ದು ಎಂದುಕೊಂಡೆ. ಮುಂದಿನ ವಾರ ದಾವಣಗೆರೆಯ ಕಾಲೇಜಿನ ಅರ್ಜಿ ತರಿಸಿಟ್ಟಿದ್ದರು.

ಮನೆಯಲ್ಲಿ ದೊಡ್ಡ ರಾದ್ಧಾಂತವಾಯಿತು. ಆನಗೋಡಿನಿಂದ ದೊಡ್ಡಪ್ಪ ಒಂದು ಗಂಡು ನೋಡಿಕೊಂಡು ಬಂದಿದ್ದ. ಅವ್ವನಿಗೆ ಡಾಕ್ಟರ ಓದಿನಲ್ಲಿ ಹೆಣ ಕೊಯ್ಯಬೇಕು ಎಂದು ಯಾರೋ ಹೇಳಿದ್ದರು.

“ಹೆಣ ಮುಟ್ಟಿದ ಕೈಲಿ ನಾಳಿ ಯಾರ ಮನ್ಯಾಗೆ ರೊಟ್ಟಿ ಬಡೀತಾಳೆ? ಬ್ಯಾಡ ಅಂದ್ರೆ ಬ್ಯಾಡ” ಎಂದು ಅವ್ವ ಕೂತುಬಿಟ್ಟಳು.

ಅಪ್ಪ ದೊಡ್ಡಪ್ಪನಿಗೆ, “ಗಂಡು ಚಲೋ ಐತಣ್ಣ. ಆದ್ರೆ ಇವ್ಳು ಒಂದು ಕೆಲ್ಸ ಅರ್ಧಕ್ಕೆ ಬಿಟ್ಟು ಏನಾತು ಅಂತ ನೋಡೀನಿ. ಇದನ್ನ ಪೂರಾ ಮಾಡ್ಲಿ” ಎಂದ. ದೊಡ್ಡಪ್ಪ ಉಣ್ಣದೆ ಎದ್ದುಹೋದ. ಎರಡು ವರ್ಷ ನಮ್ಮ ಮನೆಗೆ ಬರಲಿಲ್ಲ.

ಹತ್ತೊಂಬತ್ತು ವರ್ಷದವಳು ಹದಿನಾರರ ಹುಡುಗರ ಜೊತೆ ಪಿಯುಸಿ ತರಗತಿಯಲ್ಲಿ ಕೂತೆ. ವಿಜ್ಞಾನಕ್ಕೆ ಹುಡುಗಿಯರು ಮೂವರು. ಕನ್ನಡದಲ್ಲಿ ಓದಿ ಬಂದವಳಿಗೆ ಇಂಗ್ಲಿಷಿನ ಪಾಠ ಕಿವಿಯ ಪಕ್ಕದಲ್ಲೇ ಹಾದುಹೋಗುತ್ತಿತ್ತು. ರಸಾಯನಶಾಸ್ತ್ರದ ಪ್ರಯೋಗದಲ್ಲಿ ಮಾತ್ರ ನಳಿಗೆ ಹಿಡಿದರೆ ನನ್ನ ಕೈ ತಪ್ಪುತ್ತಿರಲಿಲ್ಲ. ಬರವಣಿಗೆಯಲ್ಲಿ ಹಿಂದೆ ಬಿದ್ದೆ. ಮೊದಲ ವರ್ಷ ಮೆಡಿಕಲ್ ಸೀಟಿಗೆ ಅಂಕ ಸಾಲಲಿಲ್ಲ. ಮತ್ತೊಂದು ವರ್ಷ ಹರಿಹರದಲ್ಲಿ ಕೆಲಸ ಮಾಡುತ್ತ ಪುನಃ ಪರೀಕ್ಷೆ ಕಟ್ಟಿದೆ. ಡಾಕ್ಟರಮ್ಮ ಊಟದ ಹೊತ್ತಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟರು. ತಪ್ಪಿದರೆ ಅನ್ನದ ಚಮಚದಲ್ಲೇ ಕೈ ಮೇಲೆ ಕುಟ್ಟುತ್ತಿದ್ದರು.

ಎರಡನೆಯ ಸಲ ಅಂಕ ಸಾಕಾಯಿತು. ಸೀಟಿನ ಸಂದರ್ಶನದಲ್ಲಿ ಒಬ್ಬ ಹಿರಿಯರು, “ಸೀಟು ಕೊಟ್ಟರೆ ಮದುವೆಯಾಗಿ ಒಲೆ ಮುಂದೆ ಕೂರುತ್ತೀಯ. ಒಬ್ಬ ಹುಡುಗನ ಸೀಟು ಹಾಳು” ಎಂದರು. “ಆಸ್ಪತ್ರೆಯಾಗೂ ಒಲೆ ಮುಂದೆನೇ ಇದ್ದೆ ಸರ್. ಸಿರಿಂಜು ಕುದಿಸ್ತಿದ್ದೆ. ಮೂರು ವರ್ಷ” ಎಂದೆ. ಅವರ ಪಕ್ಕದಲ್ಲಿದ್ದವರು ನಕ್ಕರು. ಸೀಟು ಸಿಕ್ಕಿತು, ಹುಬ್ಬಳ್ಳಿಯಲ್ಲಿ. ಆಗ ಅಲ್ಲಿಯ ಕಾಲೇಜು ಹೊಸದು.

ಹುಬ್ಬಳ್ಳಿಯ ವರ್ಷಗಳ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಾರು. ನಮ್ಮ ಅಂಗರಚನೆಯ ಮೇಷ್ಟ್ರು ಮುಂದಿನ ಸಾಲಿನಲ್ಲಿ ನಾವು ಆರು ಜನ ಹುಡುಗಿಯರು ಕೂತಿದ್ದರೂ ‘ಜಂಟಲ್‌ಮೆನ್’ ಎಂದೇ ಪಾಠ ಶುರು ಮಾಡುತ್ತಿದ್ದರು. ಎರಡು ವರ್ಷವೂ ಹಾಗೆಯೇ. ಅವರಿಂದ ಕಲಿತಷ್ಟನ್ನು ನಾನು ಮತ್ಯಾರಿಂದಲೂ ಕಲಿಯಲಿಲ್ಲ, ಅದನ್ನೂ ಹೇಳಬೇಕು.

ರಜೆಗೆ ಮನೆಗೆ ಬಂದರೆ ಅವ್ವ ಬಾಗಿಲಲ್ಲೇ ಬಿಸಿನೀರು ಇಟ್ಟುಕೊಂಡಿರುತ್ತಿದ್ದಳು. ಮಿಂದೇ ಒಳಗೆ ಬರಬೇಕು. “ಕೈ ಉಜ್ಜಿ ತೊಳ್ದೇನು?” ಎಂದು ಮೂರು ಸಲ ಕೇಳುವಳು. ಎರಡನೆಯ ವರ್ಷದ ರಜೆಯಲ್ಲಿ ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅವ್ವ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು, ದನಿ ತಗ್ಗಿಸಿ ಕೇಳಿದಳು.

“ಹಾಲೀ, ನೀನು ಒಳಗೆ ಎಲ್ಲಾ ನೋಡೀಯಂತಲ್ಲ. ಕೂಸು ಎಲ್ಲಿರ್ತೈತೆ? ಉಂಡ ಅನ್ನ ಅದ್ರ ಮ್ಯಾಲೇ ಬೀಳ್ತೈತೇನು?”

ಏಳು ಹೆತ್ತವಳು. ನಾಲ್ಕು ಕಳೆದುಕೊಂಡವಳು. ರಂಗೋಲಿ ಪುಡಿ ತಂದು ನೆಲದ ಮೇಲೆ ಬರೆದು ತೋರಿಸಿದೆ. ಇದು ಜಠರ, ಇದು ಗರ್ಭಕೋಶ, ಇಲ್ಲಿ ಕೂಸು, ಇದು ಅದರ ಹೊಕ್ಕುಳ ಬಳ್ಳಿ. ಅವ್ವ ಮೊಣಕೈ ಊರಿ ಬಗ್ಗಿ ನೋಡಿದಳು. “ಎಷ್ಟು ಚೆಂದಾಗಿ ಇಟ್ಟಾನೆ ನೋಡು” ಎಂದಳು. ಆ ರಂಗೋಲಿಯನ್ನು ಸಂಜೆಯ ತನಕ ಗುಡಿಸಲು ಬಿಡಲಿಲ್ಲ. ಮತ್ತೆ ಕೈ ತೊಳೆದೆಯಾ ಎಂದು ಕೇಳಲಿಲ್ಲ.

ಓದು ಮುಗಿದ ಮೇಲೆ ಒಂದು ವರ್ಷ ಹರಿಹರದಲ್ಲಿ ಡಾಕ್ಟರಮ್ಮನ ಕೈಕೆಳಗೆ ದುಡಿದೆ. ನಂತರ ದಾವಣಗೆರೆಯ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅರವತ್ತರ ದಶಕದ ಕೊನೆಯ ಭಾಗ. ಆಗ ರಕ್ತ ಬೇಕೆಂದರೆ ನಂಟರೇ ಕೊಡಬೇಕು. ರಕ್ತ ಎಂಬ ಮಾತು ಕೇಳಿದ ಕೂಡಲೇ ವರಾಂಡ ಖಾಲಿಯಾಗುತ್ತಿತ್ತು. ಶಾಮನೂರಿನ ಒಬ್ಬ ಬಾಣಂತಿಗೆ ರಕ್ತ ನಿಲ್ಲದೆ ಹೋಗುತ್ತಿದ್ದಾಗ ಗಂಡ ಕಾಫಿ ಕುಡಿದು ಬರುತ್ತೇನೆ ಎಂದು ಹೋದವನು ಪತ್ತೆಯಿಲ್ಲ. ಬೆಳಗಿನಿಂದ ಸೊಸೆಯನ್ನು ಬಯ್ಯುತ್ತಲೇ ಇದ್ದ ಅತ್ತೆ ಒಳಗೆ ಬಂದು ತೋಳು ಚಾಚಿದಳು. “ನಂದು ತಗೋಳ್ರಿ. ಬಯ್ಯೋಳ ರಕ್ತ ಆಕೈತೋ ಇಲ್ಲೋ?” ಎಂದಳು. ಬಿಳಿ ಪಿಂಗಾಣಿ ಬಿಲ್ಲೆಯ ಮೇಲೆ ಇಬ್ಬರ ರಕ್ತದ ಹನಿ ಬೆರೆಸಿ ನೋಡಿದೆ. ಹೊಂದಿತು. ಸೊಸೆ ಬದುಕಿದಳು. ಮರುದಿನ ಅತ್ತೆ ಮತ್ತೆ ಬಯ್ಯಲು ಶುರು ಮಾಡಿದಳು. ವಾರ್ಡಿನಲ್ಲಿ ಯಾರೂ ತಡೆಯಲಿಲ್ಲ.

ಅದೇ ಆಸ್ಪತ್ರೆಯಲ್ಲಿ ನನ್ನನ್ನು ಕೆಲವು ತಿಂಗಳು ಹೊರರೋಗಿಗಳನ್ನು ನೋಡಲು ಹಾಕಿದ್ದರು. ಒಂದು ಸೋಮವಾರ ಬೆಳಗ್ಗೆ ತಲೆ ಎತ್ತಿ ನೋಡಿದರೆ ಗಂಡಸರ ಸಾಲಿನಲ್ಲಿ, ಕೈಯಲ್ಲಿ ಚೀಟಿ ಹಿಡಿದು, ಅಪ್ಪ ನಿಂತಿದ್ದ. ಅಷ್ಟು ಹೊತ್ತಿಗೆ ಅವನನ್ನು ಮಿಲ್ಲಿನಲ್ಲಿ ಹತ್ತಿಯ ಮೂಟೆ ಬಿಚ್ಚಿ ಬಿಡಿಸುವ, ದೂಳು ಜಾಸ್ತಿಯಿರುವ ವಿಭಾಗಕ್ಕೆ ಹಾಕಿ ಮೂರ್ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ನನಗೆ ಏನೂ ಹೇಳಿರಲಿಲ್ಲ. ನಾನು ಎದ್ದು ಹೋಗಿ, “ಅಪ್ಪಾ, ಒಳಗೆ ಬಾ” ಎಂದೆ.

“ನನ್ ಮುಂದೆ ಆರು ಮಂದಿ ಅದಾರೆ. ಅವ್ರನ್ನ ನೋಡು ಹೋಗು” ಎಂದ.

ಆರು ಮಂದಿಯನ್ನು ನೋಡಿದೆ. ಹೇಗೆ ನೋಡಿದೆನೋ ಕಾಣೆ. ಏಳನೆಯವನಾಗಿ ಬಂದು ಸ್ಟೂಲಿನ ಮೇಲೆ ಕೂತು, ಬೇರೆ ರೋಗಿಗಳಂತೆಯೇ ಚೀಟಿ ಮುಂದಿಟ್ಟ. ನಾನು ಬೇರೆಯವರನ್ನು ಕೇಳುವಂತೆಯೇ ಏನು ತೊಂದರೆ ಎಂದು ಕೇಳಿದೆ.

“ಐತವಾರ ಚಲೋ ಇರ್ತೀನಿ. ಸೋಮವಾರ ಮಿಲ್ಲಿಗೆ ಕಾಲಿಟ್ರೆ ಎದಿ ಕಟ್ಕಂತೈತೆ. ಮೆಟ್ಲು ಹತ್ತಾಕೆ ಆಗಲ್ಲ.”

ಅಂಗಿ ಬಿಚ್ಚಿದ. ನಾನು ಚಿಕ್ಕವಳಾಗಿದ್ದಾಗ ಒರಗಿ ಮಲಗುತ್ತಿದ್ದ ಬೆನ್ನು. ಅದರ ಮೇಲೆ ಸ್ಟೆತಸ್ಕೋಪು ಇಟ್ಟು, ಉಸಿರು ಎಳೀರಿ ಎಂದೆ. ಅಪ್ಪನಿಗೆ ಎಂದೂ ಬಹುವಚನದಲ್ಲಿ ಮಾತಾಡಿದವಳಲ್ಲ, ಬಾಯಿಗೆ ಬಂದದ್ದು ಹಾಗೆ. ಎರಡೂ ಕಡೆ ಸಿಳ್ಳೆ ಹಾಕಿದಂತೆ ಸದ್ದು. ಮತ್ತೆ ಕೇಳಿದೆ, ಮತ್ತೆ ಅದೇ. ವರ್ಷಗಟ್ಟಲೆ ಹತ್ತಿಯ ದೂಳು ಕುಡಿದ ಪುಪ್ಪಸ. ನನ್ನ ಓದು, ನನ್ನ ಪುಸ್ತಕ, ನನ್ನ ಹಾಸ್ಟೆಲಿನ ಊಟ ಎಲ್ಲ ಆ ದೂಳಿನೊಳಗಿಂದ ಬಂದದ್ದು.

ಅಪ್ಪ ಹಿಂತಿರುಗಿ ನೋಡಿದ. “ಹೆಂಗೈತೆ?”

ಸ್ವಲ್ಪ ನೆಗಡಿ ಅಷ್ಟೇ ಎಂದು ಹೇಳಿಬಿಡುವ ಆಸೆ ಬಾಯಿಯ ತನಕ ಬಂತು. ಹೊರಗೆ ಜನ ಕಾಯುತ್ತಿದ್ದರು. ಹಾಗೆ ಹೇಳಿದ್ದರೆ ಅವನು ನಂಬುತ್ತಿದ್ದ. ಡಾಕ್ಟರು ಹೇಳಿದ್ದನ್ನು ನಂಬುವವನು ಅವನು.

“ಚಲೋ ಇಲ್ಲಪ್ಪ. ಹತ್ತಿ ದೂಳು ಎದ್ಯಾಗೆ ಕೂತೈತೆ. ಹೋಗಿದ್ದು ಪೂರಾ ವಾಪಸ್ ಬರಲ್ಲ. ಆದ್ರೆ ಇವತ್ತೇ ಆ ಕೆಲ್ಸ ಬಿಟ್ರೆ ಮುಂದಕ್ಕೆ ಹೋಗದಂಗೆ ನಿಲ್ಲಿಸಬಹುದು” ಎಂದೆ.

ಅಪ್ಪ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡ. ಮೂವತ್ತು ವರ್ಷದ ಕೆಲಸ. ಅವಸರ ಮಾಡಲಿಲ್ಲ.

“ಇವತ್ತೇ ಅಂತೀಯಾ?”

“ಇವತ್ತೇ.”

“ಆತು. ಹೋಗಿ ಹೇಳಿ ಬರ್ತೀನಿ” ಎಂದು ಎದ್ದ. ಬಾಗಿಲ ಹತ್ತಿರ ನಿಂತು ಸಾಲಿನಲ್ಲಿದ್ದವನಿಗೆ, “ಹೋಗ್ರಿ ಒಳಗೆ. ಚೆನ್ನಾಗಿ ನೋಡ್ತಾರೆ” ಎಂದ. ಅದು ತನ್ನ ಮಗಳು ಎಂದು ಹೇಳಲಿಲ್ಲ.

ಆ ಮಧ್ಯಾಹ್ನವೇ ಮಿಲ್ಲಿಗೆ ಹೋಗಿ ಕೆಲಸ ಬಿಟ್ಟ. ಆನಗೋಡಿಗೆ ಹೋಗಿ ದೊಡ್ಡಪ್ಪನ ಜೊತೆ ಹೊಲ ನೋಡಿಕೊಂಡು ಇನ್ನೂ ಹನ್ನೊಂದು ವರ್ಷ ಬದುಕಿದ.